ದ್ಯೂತದ ದೋಷ: ಕವಡೆಯಲ್ಲಿಯೋ, ಪಣದಲ್ಲಿಯೋ?

ದೀಪಾವಳಿಯ ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ಹೆಸರೂ ಉಂಟು. ಅಂದು ಪಾರ್ವತೀಪರಮೇಶ್ವರರು ಪಗಡೆಯಾಡಿದರೆಂದೂ ಜಗನ್ಮಾತೆಯೇ ಗೆದ್ದಳೆಂದೂ ಪುರಾಣಪ್ರಸಿದ್ಧಿ. ಆ ದಿನ ಅನೇಕ ಗೃಹಗಳಲ್ಲಿ ಕವಡೆಗಳು ಹೊರಬರುತ್ತವೆ. ಅದರೊಡನೆಯೇ, 'ಪಾಂಡವರನ್ನು ಕಾಡಿಗಟ್ಟಿದ ಆಟವನ್ನು ಹಬ್ಬದ ದಿನ ಆಡಬಹುದೆ?' ಎಂಬ ಹಿರಿಯರ ಆಕ್ಷೇಪವೂ ಕೇಳಿಬರುತ್ತದೆ. ಇದನ್ನು ನಕ್ಕು ತಳ್ಳಿಬಿಡುವುದು ಯುಕ್ತವಲ್ಲ.

ವಿಚಾರಕ್ಕೆ ಮುನ್ನ ಆಟದ ಕ್ರಮವನ್ನು ತಿಳಿಯೋಣ. ಇಂದಿನ ಮಕ್ಕಳಲ್ಲಿ ಹಲವರು ಇದನ್ನರಿಯರು. ಚೌಕಾಬಾರಕ್ಕೆ ಬೇಕಾದುದು ಒಂದು ತುಂಡು ಸೀಮೆಸುಣ್ಣ, ನಾಲ್ಕು ಕವಡೆ, ನಾಲ್ವರು ಜನ. ನೆಲದ ಮೇಲೆ ಅಡ್ಡಕ್ಕೆ ಐದು, ಉದ್ದಕ್ಕೆ ಐದರಂತೆ 25 ಮನೆಗಳನ್ನು ಬರೆಯಬೇಕು. ನಾಲ್ಕು ಬದಿಗಳ ನಡುಮನೆಗಳಿಗೂ ಕೇಂದ್ರದ ಮನೆಗೂ ಓರೆಗೆರೆಗಳನ್ನೆಳೆದರೆ ಅವು ಕಟ್ಟೆಗಳಾದುವು. ಒಬ್ಬೊಬ್ಬರು ಒಂದೊಂದು ಬದಿಗೆ ಕುಳಿತು, ತಮ್ಮೆದುರಿನ ಕಟ್ಟೆಯಲ್ಲಿ ನಾಲ್ಕು ಕಾಯಿಗಳನ್ನಿಡಬೇಕು. ಬಳೆಚೂರು, ಹುಣಸೆಬೀಜ, ಗುಂಡಿ, ಏನಾದರೂ ಆಗಬಹುದು. ಒಬ್ಬರದು ಇನ್ನೊಬ್ಬರದರಿಂದ ಬೇರೆಯಾಗಿ ಕಂಡರೆ ಸಾಕು.

ಕವಡೆ ಚೆಲ್ಲಿದಾಗ ಎಷ್ಟು ಕವಡೆಗಳ ಬಾಯಿ ಮೇಲಾಗಿದೆಯೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಅದಕ್ಕೆ ಎಂಟು. ಚೌಕ, ಬಾರಗಳು ಬಿದ್ದವರಿಗೆ ಮತ್ತೊಮ್ಮೆ ಚೆಲ್ಲುವ ಅವಕಾಶ. ಕಾಯಿಗಳು ಹೊರಸುತ್ತಿನ 16 ಮನೆಗಳಲ್ಲಿ ಅಪ್ರದಕ್ಷಿಣವಾಗಿ ನಡೆದು, ಒಳಸುತ್ತಿನ ಎಂಟು ಮನೆಗಳಿಗೆ ತಿರುಗಿ, ಅಲ್ಲಿ ಪ್ರದಕ್ಷಿಣವಾಗಿ ಸಾಗಿ ಕೇಂದ್ರವನ್ನು ಸೇರಬೇಕು. ಸೇರಿದ ಕಾಯಿಯು ಹಣ್ಣಾಯಿತೆನ್ನುತ್ತಾರೆ. ನಡುದಾರಿಯಲ್ಲಿ ಎದುರಾಳಿಯ ಕಾಯಿ ನಿಂತ ಮನೆಗೆ ನಮ್ಮ ಕಾಯಿಯು ಸರಿಯಾಗಿ ಬಂದರೆ ಅದನ್ನು ಹೊಡೆಯಬಹುದು. ಹೊಡೆತ ತಿಂದ ಕಾಯಿ ಮೊದಲಿನ ಕಟ್ಟೆಗೆ ಮರಳುತ್ತದೆ. ಕಟ್ಟೆಯಲ್ಲಿರುವುದನ್ನು ಹೊಡೆಯುವಂತಿಲ್ಲ. ಒಂದಾದರೂ ಕಾಯಿಯನ್ನು ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮವನ್ನು ಹಲವರು ಪಾಲಿಸುತ್ತಾರೆ. ಊರಿಂದೂರಿಗೆ ಸಣ್ಣಪುಟ್ಟ ಭೇದಗಳಿವೆ. ಆಟಕ್ಕೆ ಕೂರುವ ಮೊದಲೇ ಅವನ್ನು ನಿಶ್ಚಯಿಸಿಕೊಂಡರೆ ಜಗಳ ತಪ್ಪುತ್ತದೆ.

ಗರವು ಆಡುವವನ ವಶದಲ್ಲಿಲ್ಲ. ಆದರೆ ಎರಡು ಬಿದ್ದಾಗ ಯಾವ ಕಾಯಿಯನ್ನು ನಡೆಸಬೇಕು, ಎದುರಾಳಿಯನ್ನು ಹೊಡೆಯಬೇಕೋ, ಕಟ್ಟೆ ಸೇರಬೇಕೋ ಎಂಬುದು ಅವನಿಗೇ ಬಿಟ್ಟದ್ದು. ಜೀವನಿಗೆ ಕರ್ತೃತ್ವವುಂಟು, ಆದರೆ ಅದು ಪರಾಧೀನವೆಂಬ ನಮ್ಮ ಸಿದ್ಧಾಂತದ ಮಾತನ್ನು ಮಕ್ಕಳಿಗೆ ಹೇಳಲು ಇದು ಅನುಕೂಲವಾದ ದೃಷ್ಟಾಂತ. ದೃಷ್ಟಾಂತವನ್ನು ಬಹುದೂರ ಎಳೆಯಲಾಗದು, ನಿಜ. ಕವಡೆಯು ಕುರುಡು, ಶ್ರೀಹರಿಯ ಸಂಕಲ್ಪ ಕುರುಡಲ್ಲ.

ಹಾಗಾದರೆ ದೋಷವೆಲ್ಲಿ? ಸಭಾಪರ್ವವನ್ನು ಗಮನವಿಟ್ಟು ಓದಿದರೆ, ಅಲ್ಲಿ ವಿವಾದವೆದ್ದುದು ದಾಳಗಳ ಬಗ್ಗೆ ಮಾತ್ರವಲ್ಲವೆಂಬುದು ಕಾಣುತ್ತದೆ. ಶಕುನಿಯ ಕಪಟವು ಇದ್ದೇ ಇದೆ. ಆದರೆ ದ್ರೌಪದಿಯು ಕೇಳಿಕಳಿಸಿದುದು, ಧರ್ಮರಾಜನು ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು. ತನಗೇ ತಾನು ಒಡೆಯನಲ್ಲದವನು ಮತ್ತೊಬ್ಬರನ್ನು ಹೇಗೆ ಒಡ್ಡಿಯಾನು? ಧರ್ಮವು ಸೂಕ್ಷ್ಮವೆಂದು ಭೀಷ್ಮರು ನಿರ್ಣಯ ಹೇಳಲಾರದೆ ಹೋದರು. ಐಶ್ವರ್ಯ ಹೋದಾಗ ಸಹಿಸಿದ ಭೀಮಸೇನನು ಪಾಂಚಾಲಿಯನ್ನು ಪಣವಾಗಿಟ್ಟುದನ್ನು ಸಹಿಸಲಿಲ್ಲ. ಅಣ್ಣನ ಕೈಗಳನ್ನು ಸುಡುವೆನು, ಅಗ್ನಿಯನ್ನು ತಾ ಎಂದು ಸಹದೇವನಿಗೆ ನುಡಿದನು.

ಈ ಪ್ರಶ್ನೆಯನ್ನು ನಾವು ಇನ್ನೂ ಮುಂದಕ್ಕೆ ಒಯ್ಯಬೇಕು. ಭಗವಂತನೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಅವನ ಅಧೀನವೆಂದು ನಂಬುವವರಿಗೆ, ಪಣವಾಗಿ ಒಡ್ಡುವಷ್ಟು 'ನಮ್ಮದು' ಎಂಬುದು ಯಾವುದಿದೆ? ಕೈಯಲ್ಲಿರುವ ಹಣವು ನಮಗೆ ವಹಿಸಿಕೊಟ್ಟದ್ದು. ಹಾಗಾದರೆ ದಾನವೂ ಸಲ್ಲದಲ್ಲವೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಒಳ್ಳೆಯದೇ. ದಾನದಲ್ಲಿ ಕೊಡುವವನು ತಿಳಿದು, ಮನಸಾರೆ, ಒಡೆಯನ ಆಜ್ಞೆಯಂತೆ ಕೊಡುತ್ತಾನೆ. ಪಣದಲ್ಲಿ ಸೋತವನಿಗೆ ಕೊಡುವ ಮನಸ್ಸಿಲ್ಲ, ಗೆದ್ದವನಿಗೆ ದುಡಿಮೆಯಿಲ್ಲ. ಒಡೆಯನ ಸೊತ್ತು ಯಾವ ಕಾರಣವೂ ಇಲ್ಲದೆ ಕೈ ಬದಲಾಯಿಸುತ್ತದೆ.

ಅರಣ್ಯದಲ್ಲಿ ಬೃಹದಶ್ವ ಮಹರ್ಷಿಗಳು ನಳಚರಿತ್ರೆಯನ್ನು ಹೇಳಿ, ಧರ್ಮರಾಜನಿಗೆ ಅಕ್ಷಹೃದಯವನ್ನೇ ಉಪದೇಶಿಸಿದರು. ಆಟದ ವಿದ್ಯೆಯೇ ಪಾಪವಾಗಿದ್ದರೆ ಋಷಿಯು ಅದನ್ನು ಕೊಡುತ್ತಿರಲಿಲ್ಲ. ಮುಂದೆ ಅವನು ಕಂಕನಾಗಿ ವಿರಾಟನೊಡನೆ ದಾಳವಾಡಿದುದನ್ನೂ ಕೆಲವರು ಆಧಾರವಾಗಿ ತೋರಿಸುತ್ತಾರೆ. ಅದು ಸಾಲದು, ಅಲ್ಲಿ ಗೆದ್ದ ಧನವನ್ನು ತಮ್ಮಂದಿರಿಗೆ ಕೊಟ್ಟನೆಂದೂ ಅದೇ ಪರ್ವದಲ್ಲಿದೆ. ನಮಗೆ ಹೆಚ್ಚು ಪ್ರಮಾಣವಾದುದು ವನಪರ್ವದಲ್ಲಿ ಶ್ರೀಕೃಷ್ಣನಾಡಿದ ಮಾತು: ತಾನು ಸಮೀಪದಲ್ಲಿದ್ದಿದ್ದರೆ ಕರೆಯದಿದ್ದರೂ ಬಂದು ಆ ದ್ಯೂತವನ್ನು ತಡೆಯುತ್ತಿದ್ದೆನೆಂದನು.

'ಶಾಸ್ತ್ರಕ್ಕೆಂದು' ಒಂದೊಂದು ರೂಪಾಯಿ ಇಟ್ಟು ಆಡುವ ರೂಢಿಯನ್ನು ಸಮರ್ಥಿಸುವವರಿದ್ದಾರೆ. ಆ ರೂಪಾಯಿಯಿಂದ ಯಾರೂ ಬಡವರಾಗರು, ಒಪ್ಪುತ್ತೇವೆ. ಆದರೆ ನಾಣ್ಯವಿಟ್ಟೊಡನೆ ಮಕ್ಕಳ ಕಣ್ಣು ಕಾಯಿಯನ್ನು ಬಿಟ್ಟು ಎಲ್ಲಿಗೆ ಹೋಗುತ್ತದೆಂಬುದನ್ನು ನೋಡಬೇಕು. ಮೊಬೈಲಿನಲ್ಲಿ ಹಣವಿಟ್ಟು ಆಡುವ ಆಟಗಳು ಎಷ್ಟೋ ಮನೆಗಳ ಉಳಿತಾಯವನ್ನು ನುಂಗಿದ ಮೇಲೆ, 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅವುಗಳ ನಿಷೇಧಕ್ಕೆ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆಯ ಕಣ್ಣು ನಮ್ಮ ನಡುಮನೆಗೆ ಬರುವುದಿಲ್ಲ. ಅಲ್ಲಿ ನೋಡಿಕೊಳ್ಳಬೇಕಾದವರು ಹಿರಿಯರೇ.

ಆದುದರಿಂದ ಪಾಡ್ಯಮಿಯಂದು ಪೂಜೆ, ನೈವೇದ್ಯಗಳು ಮುಗಿದ ಮೇಲೆ ಅಜ್ಜ, ಅಜ್ಜಿ, ಸೊಸೆ, ಮೊಮ್ಮಕ್ಕಳು ಕೂಡಿ ಕವಡೆ ಹಿಡಿಯಲು ನಮಗೆ ಬಾಧಕ ಕಾಣುವುದಿಲ್ಲ; ನಾಣ್ಯ ಮಾತ್ರ ಬೇಡ. ಗೆದ್ದವರಿಗೆ ಇನ್ನೊಂದು ಹೋಳಿಗೆ ಎಂದರೆ ಅದೂ ಪಣವೇ ಎಂದು ಕೇಳಿದವರಿದ್ದಾರೆ. ಆಟ ಮುಗಿದೊಡನೆ ಎಲ್ಲರಿಗೂ ಇನ್ನೊಂದು ಬಡಿಸುವುದು ಒಳ್ಳೆಯದು.