ಇಂದಿನ ಧಮ್ಮ ಚಿಂತನೆ: ಕೊಟ್ಟದ್ದು, ಕೊಡದೇ ಇದ್ದದ್ದು



ಪಂಚಶೀಲದಲ್ಲಿ ಎರಡನೆಯದು ನಮಗೆ ಬಹಳ ಸುಲಭ ಅನ್ನಿಸುತ್ತದೆ. ನಾವ್ಯಾರೂ ಕಳ್ಳರಲ್ಲವಲ್ಲ! ಆದರೆ ಆ ಪಾಳಿ ಪದವನ್ನು ಸ್ವಲ್ಪ ಬಿಡಿಸಿ ನೋಡಿ. (ಕನ್ನಡ ಕಲಿಸುವವರ ಚಟ ಇದು, ಸಹಿಸಿಕೊಳ್ಳಿ.) 'ದಿನ್ನ' ಅಂದರೆ ಕೊಟ್ಟದ್ದು, 'ಅದಿನ್ನ' ಅಂದರೆ ಕೊಡದೇ ಇದ್ದದ್ದು, 'ಆದಾನ' ಅಂದರೆ ತೆಗೆದುಕೊಳ್ಳುವುದು. 'ಅದಿನ್ನಾದಾನ'ದಲ್ಲಿ ಕಳ್ಳತನ ಎಂಬ ಮಾತೇ ಇಲ್ಲ. ಹಾಗಾದರೆ ರೊಕ್ಕ ಕೊಟ್ಟು ಒಯ್ದದ್ದೆಲ್ಲ 'ಕೊಟ್ಟದ್ದು' ಆಗಿಬಿಡುತ್ತದೆಯೇ?

ನಮ್ಮ ಬನಶಂಕರಿ ಸುತ್ತಮುತ್ತ ಈಗ ವಯಸ್ಸಾದವರು ಮನೆ ಮಾರಿ, ಬೆಂಗಳೂರು ಪುಣೆಯಲ್ಲಿರುವ ಮಕ್ಕಳ ಹತ್ತಿರ ಹೋಗುತ್ತಿದ್ದಾರೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹಂಡೆ, ಬೀಸುಕಲ್ಲು, ಟ್ರಂಕುಗಳಿಗೆ ಜಾಗವಿಲ್ಲ. ಅಮೆರಿಕದಲ್ಲಿ ಇದಕ್ಕೆಂದೇ ಕಂಪನಿಗಳಿವೆ. ಪ್ರತಿ ಸಾಮಾನಿಗೂ ಬೆಲೆಯ ಚೀಟಿ ಅಂಟಿಸಿ ಮನೆ ತೆರೆದಿಡುತ್ತಾರೆ; ಜನ ಕೋಣೆ ಕೋಣೆ ತಿರುಗಿ ಕೊಳ್ಳುತ್ತಾರೆ; ಬಂದ ಹಣದಲ್ಲಿ ಕಂಪನಿಗೊಂದು ಪಾಲು. ನಮ್ಮಲ್ಲಿ ಕಂಪನಿ ಬದಲು ಮೋಡ್ಕಾದವನ ತಕ್ಕಡಿ ಇದೆ, ವಾಟ್ಸಾಪಿನಲ್ಲಿ ಓಡಾಡುವ ಫೋಟೊ ಇದೆ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಹೊಸ ಬಾಗಿಲು, ಚೌಕಟ್ಟು ಕೊಂಡು ಸಂಭ್ರಮದಿಂದ ಹೇರಿಕೊಂಡು ಹೋಗುತ್ತೇವೆ. ಹಳೆಯ ಮನೆ ಖಾಲಿಯಾಗುವುದನ್ನು ನೋಡಲು ಯಾರೂ ನಿಲ್ಲುವುದಿಲ್ಲ.

ಹೋದ ತಿಂಗಳು ಚೊಳಚಗುಡ್ಡದ ಕಡೆ ಅಂಥದ್ದೊಂದು ಮನೆಗೆ ತಾಮ್ರದ ಹಂಡೆ ಕೊಳ್ಳಲು ಹೋಗಿದ್ದೆ. ಬಾದಾಮಿ ಪೇಟೆಯಲ್ಲಿ ಹೊಸ ಹಂಡೆಯ ದರ ಕೇಳಿಕೊಂಡೇ ಹೋಗಿದ್ದೆ. ಮೋಡ್ಕಾ ದರಕ್ಕೆ ಹಂಡೆ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಅವನು ಒಯ್ಯುವುದು ಕರಗಿಸಲು, ನಾವು ಒಯ್ಯುವುದು ನೀರು ಕಾಸಲು. "ಇದರಾಗ ಕಾಸಿದ್ರ ಮನಿ ಮಂದಿದೆಲ್ಲಾ ಜಳಕಾ ಆಕ್ಕಿತ್ರಿ ಅಕ್ಕೋರ" ಅಂದರು ಆ ಮನೆಯ ಆಯಿ. ಆ ಮಾತನ್ನು ಯಾವ ತಕ್ಕಡಿಯೂ ತೂಗುವುದಿಲ್ಲ.

ಅಂಗಳದ ಸಾಮಾನಿನ ನಡುವೆ ಒಂದು ಕೌದಿ ಇತ್ತು. ಹಳೆಯ ಇಳಕಲ್ ಸೀರೆಗಳ ತುಂಡು ಸೇರಿಸಿ ಹೊಲಿದದ್ದು. ಕೊಳ್ಳಲು ಬಂದವರೊಬ್ಬರು ಅದನ್ನೆತ್ತಿ ಐವತ್ತರ ನೋಟು ಹೊರತೆಗೆದರು. ಮಗ ಗಾಡಿಯವನ ಜೊತೆ ಫೋನಿನಲ್ಲಿದ್ದ, ಆಗಲಿ ಎಂದು ಕೈಸನ್ನೆ ಮಾಡಿದ. (ಕೆಟ್ಟವನಲ್ಲ, ಸುಸ್ತಾಗಿದ್ದ ಅಷ್ಟೇ.) ಆಯಿ ಮಾತಾಡಲಿಲ್ಲ, ಕೌದಿಯ ಒಂದು ತುದಿ ಮಾತ್ರ ಅವರ ಮುಷ್ಟಿಯಲ್ಲೇ ಇತ್ತು. "ಆಯಿ, ಇದನ್ನ ಕೊಡಾಕ ಇಟ್ಟೀರೇನ್ರಿ?" ಅಂತ ಕೇಳಿದೆ. "ಇಲ್ರಿ ಅಕ್ಕೋರ, ಅದು ಸಾಮಾನಿನ ಕೂಡ ಹಂಗ ಹೊರಗ ಬಂದೈತ್ರಿ."

ನೋಟು ಹೊರಬಂದಿತ್ತು, ಮಗನ ಒಪ್ಪಿಗೆಯೂ ಸಿಕ್ಕಿತ್ತು. ಆದರೂ ಅದು ಕೊಟ್ಟದ್ದಾಗಿರಲಿಲ್ಲ.

ಆಗ ಆ ಗಿರಾಕಿ, "ಇಷ್ಟ ವಯಸ್ಸಾದ ಮ್ಯಾಲೆ ಮೋಹ ಬಿಡಬೇಕ್ರಿ ಆಯಿ" ಎಂದು ನಕ್ಕರು. ಇದರ ಬಗ್ಗೆ ನಾವು ಎಚ್ಚರವಾಗಿರಬೇಕು. ಜೇತವನದ ಹುಲ್ಲು, ಕಡ್ಡಿ, ಎಲೆಗಳನ್ನು ಯಾರಾದರೂ ಒಯ್ದು ಸುಟ್ಟರೆ ನಮ್ಮನ್ನೇ ಒಯ್ದರು ಅನ್ನಿಸುತ್ತದೆಯೇ ಎಂದು ಭಗವಾನರು ಕೇಳಿದ್ದುಂಟು, ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ. ಕೇಳಿದ್ದು ಭಿಕ್ಖುಗಳನ್ನು, ಅವರವರ ಒಳಗನ್ನು ಅವರೇ ನೋಡಿಕೊಳ್ಳಲಿ ಎಂದು. ಒಯ್ಯಲು ಬಂದವನ ಬಾಯಿಗೆ ಆ ಮಾತು ಬಂದರೆ ಅದು ಧಮ್ಮವಲ್ಲ, ಚೌಕಾಸಿ.

ಬಟ್ಟೆಯ ವಿಷಯ ಬಂದದ್ದಕ್ಕೆ ಆನಂದ ಥೇರರ ಕಥೆ ನೆನಪಾಗುತ್ತದೆ. ಕೋಸಂಬಿಯಲ್ಲಿ ಉದೇನ ರಾಜನ ಅಂತಃಪುರದ ಸ್ತ್ರೀಯರು ಅವರಿಗೆ 500 ವಸ್ತ್ರ ದಾನ ಕೊಟ್ಟರು. ಇಷ್ಟೊಂದು ತೆಗೆದುಕೊಂಡು ಬಟ್ಟೆ ವ್ಯಾಪಾರಕ್ಕೆ ಕೂರುತ್ತಾರೋ ಎಂದು ರಾಜನಿಗೆ ಸಿಟ್ಟು. ಹೋಗಿ ಕೇಳಿದ. ಚೀವರ ಹರಿದವರಿಗೆ ಹಂಚುತ್ತೇವೆ ಅಂದರು ಆನಂದರು. ಹಳೆಯ ಚೀವರ? ಹಾಸಿಗೆಯ ಮೇಲೆ ಹೊದಿಸುತ್ತೇವೆ. ಅದೂ ಹಳೆಯದಾದರೆ? ಹೀಗೇ ಪ್ರಶ್ನೆ ಇಳಿಯುತ್ತ ಹೋಗಿ ನೆಲಹಾಸು, ಕಾಲೊರಸು, ಧೂಳೊರಸು ಆಗಿ, ಕಡೆಗೆ ಆ ಚಿಂದಿಯನ್ನು ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂಬಲ್ಲಿಗೆ ಮುಟ್ಟುತ್ತದೆ. ರಾಜ ಸಂತೋಷಪಟ್ಟು ಇನ್ನೂ 500 ಕೊಟ್ಟ. ನಮ್ಮ ಕಡೆಯ ಅವ್ವಂದಿರು ಕೌದಿ ಹೊಲಿಯುವಾಗ ಮಾಡಿದ್ದೂ ಇದೇ ಲೆಕ್ಕ. ರಾಜ ಸಿಟ್ಟಿದ್ದರೂ ಕೇಳಿ ತಿಳಿದುಕೊಂಡ, ಇದು ನನಗೆ ಈ ಕಥೆಯಲ್ಲಿ ಇಷ್ಟ.

ಹಂಡೆ ನಮ್ಮ ಮನೆಗೆ ಬಂದಿದೆ. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಬೇಕಂತೆ, ಆಯಿ ಹೇಳಿ ಕಳಿಸಿದ್ದಾರೆ. ಕೌದಿ ಅವರ ಕೂಡ ಬೆಂಗಳೂರಿಗೆ ಹೋಯಿತು.

ಆನಂದರ ಈ ಕಥೆ ಚುಲ್ಲವಗ್ಗದ ಹನ್ನೊಂದನೆಯ ಖಂಧಕದಲ್ಲಿದೆ. ಭಾನುವಾರ ಬರುವವರು ಓದಿಕೊಂಡು ಬನ್ನಿ. ಮನೆ ಖಾಲಿ ಮಾಡುತ್ತಿರುವ ಹಿರಿಯರು ನಿಮ್ಮ ಓಣಿಯಲ್ಲಿದ್ದರೆ, ಅದಕ್ಕಿಂತ ಮೊದಲು ಒಮ್ಮೆ ಅವರ ಕಡೆ ಹೋಗಿ ಬನ್ನಿ.

ಜೈ ಭೀಮ್, ನಮೋ ಬುದ್ಧಾಯ.