ಸಮರಪರಶುರಾಮನೂ ಗೊಮ್ಮಟನೂ

ಅಲ್ಲಾಳಸಂದ್ರದ ಕೆರೆಯ ಏರಿಯ ಮೇಲೆ ಬೆಳಗಿನಲ್ಲಿ ಅಡ್ಡಾಡುವವರಿಗೆ ಯಲಹಂಕದ ವಾಯುನೆಲೆಯ ವಿಮಾನಗಳ ಮೊರೆತ ಹೊಸತಲ್ಲ. ಯುದ್ಧಸನ್ನಾಹವು ಈ ನೆಲಕ್ಕೂ ಹೊಸತಲ್ಲ. ಇಲ್ಲಿಂದ ತುಸು ತೆಂಕಲಿಗೆ, ಹೆಬ್ಬಾಳದಲ್ಲಿ, 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಗಂಗದೊರೆ ಶ್ರೀಪುರುಷನ ಕಾಲದ್ದು, ಎಂದರೆ ಕ್ರಿ.ಶ. 750ರ ಸುಮಾರಿನದು; ರಟ್ಟವಾಡಿಯ ದಾಳಿಗೆ ಎದುರಾಗಿ ಮಡಿದವನ ನೆನಪು ಅದು. ಆ ಕಲ್ಲನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಅದೇ ಗಂಗರಾಜ್ಯದ ಇಳಿಗಾಲದ ದಂಡನಾಯಕನೊಬ್ಬನತ್ತ ಹರಿಯುತ್ತದೆ. ಅಹಿಂಸೆಯೇ ಪರಮಧರ್ಮವೆಂದು ನಂಬಿದ ಚಾವುಂಡರಾಯನು ಸೈನ್ಯವನ್ನು ನಡೆಸಿದುದು ಹೇಗೆ?

ಗಂಗದೊರೆಗಳಾದ ಮಾರಸಿಂಹನಿಗೂ ರಾಚಮಲ್ಲನಿಗೂ ದಂಡನಾಯಕನಾಗಿದ್ದ ಆತನು ಗೋನೂರಿನಲ್ಲಿ ನೊಳಂಬರೊಡನೆ ಕಾದಿ ವೀರಮಾರ್ತಂಡನೆನಿಸಿದನು. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನು ಗೆದ್ದು ರಣರಂಗಸಿಂಗನೆನಿಸಿದನು. ಅದೇ ಕೈ 978ರಲ್ಲಿ ಅರುವತ್ತುಮೂರು ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆಯಿತು. ಇದರಲ್ಲಿ ವಿರೋಧವಿಲ್ಲವೆಂದು ಜೈನಾಚಾರವು ಹೇಳೀತು. ಅದು ಹಿಂಸೆಯನ್ನು ನಾಲ್ಕು ಬಗೆಯಾಗಿ ಎಣಿಸುತ್ತದೆ. ಅಡುಗೆ ಮೊದಲಾದ ಮನೆವಾರ್ತೆಯಲ್ಲಿ ಆಗುವುದು ಆರಂಭೀ ಹಿಂಸೆ, ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ, ಮೇಲೆಬಿದ್ದವನನ್ನು ತಡೆಯುವಲ್ಲಿ ಆಗುವುದು ವಿರೋಧೀ; ಕೊಲ್ಲಬೇಕೆಂದೇ ಬಗೆದು ಮಾಡುವುದು ಸಂಕಲ್ಪೀ. ಗೃಹಸ್ಥನಾದ ಶ್ರಾವಕನು ಸಂಪೂರ್ಣವಾಗಿ ಬಿಡಬೇಕಾದುದು ಈ ಕೊನೆಯದನ್ನು. ನಾಡನ್ನು ಕಾಯುವವನಿಗೆ ಹೀಗೆ ಒಂದು ಬಾಗಿಲು ತೆರೆದೇ ಇದೆ.

ಆದರೆ ಆತನಿಗೆ ಇನ್ನೊಂದು ಬಿರುದುಂಟು: ಸಮರಪರಶುರಾಮ. ಅದು ಬಂದದ್ದು ತನ್ನ ತಮ್ಮ ನಾಗವರ್ಮನನ್ನು ಕೊಂದವನನ್ನು ತಾನು ಕೊಂದುದಕ್ಕಾಗಿ. ಇದು ವಿರೋಧೀ ಹಿಂಸೆಯೋ, ಸಂಕಲ್ಪೀ ಹಿಂಸೆಯೋ? ಸೇಡಿಗಿಂತ ಗಟ್ಟಿಯಾದ ಸಂಕಲ್ಪ ಬೇರೆ ಯಾವುದುಂಟು! ಶಾಸ್ತ್ರವು ಎಳೆದ ಗೆರೆ ಎಷ್ಟೇ ನೇರವಾಗಿರಲಿ, ರಣರಂಗದ ಧೂಳಿನಲ್ಲಿ ಅದು ಕಾಣದೆ ಹೋಗುವುದು ಇಂಥ ಗಳಿಗೆಯಲ್ಲಿಯೇ.

ಹೀಗೆ ತಮ್ಮನಿಗಾಗಿ ಕೊಂದವನು 981ರ ಸುಮಾರಿಗೆ ಶ್ರವಣಬೆಳಗೊಳದ ದೊಡ್ಡ ಬೆಟ್ಟದಲ್ಲಿ ಕಡೆಯಿಸಿದ್ದು ಯಾರ ಮೂರ್ತಿಯನ್ನು? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದು, ಅಣ್ಣ ಭರತನನ್ನು ಎತ್ತಿ ಹಿಡಿದೂ ನೆಲಕ್ಕೆ ಅಪ್ಪಳಿಸದೆ ಇಳಿಸಿ, ಗೆದ್ದ ರಾಜ್ಯವನ್ನು ಅಲ್ಲಿಯೇ ಬಿಟ್ಟು ನಡೆದ ಬಾಹುಬಲಿಯನ್ನು, ಎಂದರೆ ಗೊಮ್ಮಟನನ್ನು. ತಾಯಿಯ ಬಯಕೆಯನ್ನು ಸಲ್ಲಿಸಲು ಅದನ್ನು ಮಾಡಿಸಿದನೆಂಬುದು ಐತಿಹ್ಯ. ತನ್ನ ಬಿರುದಿಗೆ ತಾನೇ ಕೊಟ್ಟುಕೊಂಡ ಉತ್ತರವೂ ಅದಾಗಿರಬಹುದೆಂದು ನನಗೆ ತೋರುತ್ತದೆ. ಐವತ್ತೆಂಟು ಅಡಿಯ ಆ ಶಿಲೆಯಲ್ಲಿ ತೋಳುಗಳೆರಡೂ ತೊಡೆಯ ಪಕ್ಕಕ್ಕೆ ನೇರವಾಗಿ ಇಳಿದಿವೆ. ಅವನ್ನು ಮಾಧವಿಯ ಬಳ್ಳಿ ಮೆಲ್ಲನೆ ಸುತ್ತಿಕೊಂಡಿದೆ. ಎತ್ತಿದ ಕೈಗೆ ಬಳ್ಳಿ ಹಬ್ಬುವುದಿಲ್ಲ.

ಅದೇ ಬೆಟ್ಟದ ತ್ಯಾಗದ ಕಂಬದಲ್ಲಿ ಚಾವುಂಡರಾಯನ ಪ್ರಶಸ್ತಿಯಿದ್ದಿತು. ಮುಂದೆ ಹೆಗ್ಗಡೆ ಕಣ್ಣನೆಂಬವನು ತನ್ನ ಎರಡೂವರೆ ಸಾಲಿನ ಲೇಖಕ್ಕಾಗಿ ಅದರ ಮೂರು ಮುಖಗಳನ್ನು ಕೆತ್ತಿಹಾಕಿಸಿದನಂತೆ. ಗೊಮ್ಮಟನ ಪಾದದ ಬಳಿಯ ಒಂದು ಸಾಲು ಹೇಳುವುದು: ಇದನ್ನು ಮಾಡಿಸಿದವನು ಚಾವುಂಡರಾಜನೆಂದಷ್ಟೇ. ಅಲ್ಲಿ ವೀರಮಾರ್ತಂಡನಿಲ್ಲ, ರಣರಂಗಸಿಂಗನಿಲ್ಲ, ಸಮರಪರಶುರಾಮನೂ ಇಲ್ಲ.