ಮೆಲ್ಲಗೆ ಮುಟ್ಟಿದವನ ಮಾತು

ಆಸ್ಟ್ರೇಲಿಯಾದ ಊರೂರುಗಳಲ್ಲಿ, ಸಂಜೆ ಕೆಲಸ ಮುಗಿಸಿ ಬಂದವರು ಆಡುವ ಟಚ್ ಫುಟ್‌ಬಾಲ್‌ಗೆ ಒಂದು ವಿಚಿತ್ರ ನಿಯಮವಿದೆ. ಮುಟ್ಟದೆ ಮುಟ್ಟಿದೆ ಎಂದು ಯಾರೂ ಹೇಳಬಾರದು, ಅದು ಸರಿ. ಆದರೆ ಆಟಗಾರನೊಬ್ಬ ‘ಟಚ್’ ಎಂದು ಕೂಗಿ, ರೆಫರಿಗೆ ಖಚಿತವಾಗಿ ಕಾಣದೇ ಹೋದರೆ, ಆ ಟಚ್ ಲೆಕ್ಕಕ್ಕೆ ಸೇರುತ್ತದೆ. ಅನುಮಾನ ಬಂದಾಗ ನಂಬಬೇಕಾದದ್ದು ಆ ಕೂಗಿನಿಂದ ಲಾಭ ಪಡೆಯುವವನನ್ನೇ! ಕಬಡ್ಡಿ ಅಂಕಣದಲ್ಲಿ ‘ಮುಟ್ಟಿದೆ’, ‘ಇಲ್ಲ’ ಎಂದು ಗಂಟಲು ಹರಿದುಕೊಂಡು ಬೆಳೆದ ನಮಗೆ ಇದು ಕಳ್ಳನ ಕೈಗೆ ಕೀಲಿ ಕೊಟ್ಟಂತೆ ಅನ್ನಿಸುವುದು ಸಹಜ.

ಆದರೆ ನಿಯಮ ಮಾಡಿದವರು ಲೋಕ ಕಾಣದವರಲ್ಲ. ಈ ಆಟ ಹುಟ್ಟಿದ್ದು 1968ರಲ್ಲಿ, ಸಿಡ್ನಿ ನಗರದ ದಕ್ಷಿಣ ಭಾಗದಲ್ಲಿ, ರಗ್ಬಿ ಲೀಗ್ ಆಡುವವರ ನಡುವೆ. ಬಾಬ್ ಡೈಕ್ ಮತ್ತು ರೇ ವಾಡನ್ ಎಂಬಿಬ್ಬರು ಅದಕ್ಕೆ ರೂಪ ಕೊಟ್ಟರು. ರಗ್ಬಿ ಲೀಗ್ ಮೈಮುರಿಯುವ ಆಟ. ಎದುರಾಳಿಯನ್ನು ತಬ್ಬಿ, ಎಳೆದು, ನೆಲಕ್ಕೆ ಕೆಡವಿ ತಡೆಯಬೇಕು. ಅದರ ಓಟ, ಪಾಸು, ಚಾಣಾಕ್ಷತನ ಎಲ್ಲವನ್ನೂ ಉಳಿಸಿಕೊಂಡು, ಕೆಡವುವುದನ್ನು ಮಾತ್ರ ಬಿಟ್ಟರೆ ಉಳಿಯುವುದೇ ಟಚ್. ತಂಡಕ್ಕೆ ಆರು ಜನ, 70 ಮೀಟರ್ ಉದ್ದ, 50 ಮೀಟರ್ ಅಗಲದ ಮೈದಾನ. ಚೆಂಡು ಹಿಡಿದವನನ್ನು ಎದುರಾಳಿ ಮುಟ್ಟಿದರೆ ಒಂದು ಟಚ್. ಆರು ಟಚ್ ಆದೊಡನೆ ಚೆಂಡು ಎದುರಾಳಿಗೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿದರೆ ಒಂದು ಅಂಕ. ಆಟ ಇಷ್ಟೇ.

ಕೆಡವುವುದನ್ನು ಬಿಟ್ಟಾಗ ಜೊತೆಗೆ ಇನ್ನೊಂದೂ ಕೈಬಿಟ್ಟುಹೋಯಿತು: ಸಾಕ್ಷಿ. ರಗ್ಬಿಯಲ್ಲಿ ತಡೆದದ್ದು ಹೌದೋ ಅಲ್ಲವೋ ಎಂದು ಯಾರೂ ಕೇಳಬೇಕಾಗಿಲ್ಲ. ನೆಲಕ್ಕೆ ಬಿದ್ದ ಮೈಯನ್ನು ಗ್ಯಾಲರಿಯ ಕೊನೆಯ ಸಾಲಿನವನೂ ನೋಡುತ್ತಾನೆ. ಬೆರಳ ತುದಿ ಬೆನ್ನಿಗೆ ತಾಗಿದ್ದನ್ನು ನೋಡುವವರು ಯಾರು? ಮೈ ಸಾಕ್ಷಿ ಹೇಳುವುದನ್ನು ನಿಲ್ಲಿಸಿದ ಮೇಲೆ ಬಾಯಿಯೇ ಹೇಳಬೇಕಾಯಿತು.

ಒಂದು ಗಳಿಗೆಯನ್ನು ಹತ್ತಿರದಿಂದ ನೋಡಿ. ಐದು ಟಚ್ ಆಗಿದೆ. ಚೆಂಡು ಹಿಡಿದವಳು ಬದಿಯ ಗೆರೆಯುದ್ದಕ್ಕೂ ಓಡುತ್ತಿದ್ದಾಳೆ, ಇನ್ನು ಹತ್ತು ಹೆಜ್ಜೆ ಹಾಕಿದರೆ ಅಂಕ. ಹಿಂದಿನಿಂದ ಬಂದವನು ತೋಳು ಚಾಚಿದ್ದಾನೆ. ಗಾಳಿಗೆ ಉಬ್ಬಿದ ಜೆರ್ಸಿಯ ಅಂಚಿಗೂ ಅವನ ನಡುಬೆರಳಿಗೂ ಅಂತರ ಇದೆಯೋ ಇಲ್ಲವೋ. ರೆಫರಿ ಮೈದಾನದ ನಡುವೆ, ನಾಲ್ಕಾರು ಜನರ ಹಿಂದೆ ಸಿಕ್ಕಿಕೊಂಡಿದ್ದಾರೆ. ನಿಯಮದ ಪ್ರಕಾರ ಬಟ್ಟೆಗೆ ತಾಗಿದರೂ ಟಚ್, ಕೂದಲಿಗೆ ತಾಗಿದರೂ ಟಚ್. ಆದರೆ ಬಟ್ಟೆಗೆ ನರವಿಲ್ಲ. ಓಡುತ್ತಿರುವವಳಿಗೆ ಅದು ತಿಳಿಯುವುದೇ ಇಲ್ಲ. ಆ ಕ್ಷಣದ ನಿಜ ಇರುವುದು ಒಬ್ಬನ ಒಂದು ಬೆರಳಿನ ತುದಿಯಲ್ಲಿ ಮಾತ್ರ. ಅವನು ‘ಟಚ್’ ಎಂದರೆ ಅವಳು ಗಳಿಸಲಿದ್ದ ಅಂಕ ಹೋಯಿತು, ಚೆಂಡೂ ಹೋಯಿತು.

ಹಾಗಿದ್ದರೆ ಅವನನ್ನೇಕೆ ನಂಬಬೇಕು? ಅನುಮಾನದ ಲಾಭವನ್ನು ಓಡುವವಳಿಗೆ ಕೊಡಬಹುದಿತ್ತಲ್ಲ?

ಹಾಗೆ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿದರೆ ಈ ನಿಯಮದ ವಿವೇಕ ಹೊಳೆಯುತ್ತದೆ. ಮೆಲ್ಲಗೆ ಮುಟ್ಟಿದ್ದು ರೆಫರಿಗೆ ಕಾಣಲಿಲ್ಲ, ಲೆಕ್ಕಕ್ಕೆ ಬರಲಿಲ್ಲ. ಮುಂದಿನ ಸಲ ಅವನು ಮೆಲ್ಲಗೆ ಮುಟ್ಟುವುದಿಲ್ಲ. ಅಂಗೈಯಿಂದ ಬಡಿಯುತ್ತಾನೆ, ಸದ್ದು ಕೇಳಲಿ ಎಂದು. ಅದೂ ಸಾಲದಿದ್ದರೆ ಜೆರ್ಸಿ ಹಿಡಿದು ಎಳೆಯುತ್ತಾನೆ, ಎಲ್ಲರಿಗೂ ಕಾಣಲಿ ಎಂದು. ಸಾಕ್ಷಿ ಬೇಕು ಎಂದು ಹಟ ಹಿಡಿದ ಆಟ ನಾಲ್ಕೇ ವಾರದಲ್ಲಿ ಮತ್ತೆ ರಗ್ಬಿಯಾಗುತ್ತದೆ. ಆಟದ ನಿಯಮ ಪುಸ್ತಕದಲ್ಲಿ ಇನ್ನೊಂದು ನಿಯಮವಿದೆ: ಮುಟ್ಟಲು ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು, ಹೆಚ್ಚು ಕೂಡದು. ಉದ್ದನೆಯ ಉಗುರು, ಮೈಮೇಲಿನ ಆಭರಣ ಯಾವುದೂ ಸಲ್ಲದು. ತೆಗೆಯಲಾಗದ ಉಂಗುರವಿದ್ದರೆ ಟೇಪು ಸುತ್ತಿರಬೇಕು. ಈ ನಿಯಮಗಳನ್ನೂ ಮಾತನ್ನು ನಂಬುವ ನಿಯಮವನ್ನೂ ಬೇರೆ ಬೇರೆ ಓದಬಾರದು. ಮಾತನ್ನು ನಂಬುವವರು ಇರುವುದರಿಂದಲೇ ಕೈ ಮೆತ್ತಗಿರಲು ಸಾಧ್ಯ. ನಂಬಿಕೆ ಹೋದಲ್ಲಿ ಕೈ ಗಟ್ಟಿಯಾಗಲೇಬೇಕು.

ಕೈ ಗಟ್ಟಿಯಾದರೆ ಮೊದಲು ಮೈದಾನ ಬಿಡುವವರು ಯಾರು? ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕಾದವರು. ಐವತ್ತು ದಾಟಿದವರು. ಮೊದಲ ಸಲ ಆಡಲು ಬಂದ ಹುಡುಗಿ. ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುವ ಮಿಶ್ರ ಪಂದ್ಯಗಳು ಈ ಆಟದ ದೊಡ್ಡ ಗಳಿಕೆ. ಅಲ್ಲಿ ಒಮ್ಮೆಗೆ ಮೂವರಿಗಿಂತ ಹೆಚ್ಚು ಗಂಡಸರು ಮೈದಾನದಲ್ಲಿ ಇರುವಂತಿಲ್ಲ. ಅಂಥ ಪಂದ್ಯ ನಡೆಯುತ್ತಿರುವುದು ಮೆತ್ತನೆಯ ಕೈಗಳ ಭರವಸೆಯ ಮೇಲೆ.

ಸುಳ್ಳು ಹೇಳುವವರು ಅಲ್ಲೂ ಇದ್ದಾರೆ. ಮುಟ್ಟದೆ ಕೂಗುವುದಕ್ಕೆ ‘ಫ್ಯಾಂಟಮ್ ಟಚ್’ ಎಂಬ ಹೆಸರೇ ಬಿದ್ದಿದೆ. ರೆಫರಿಯ ಕಣ್ಣಿಗೆ ಬಿದ್ದರೆ ಪೆನಾಲ್ಟಿ. ಅತಿಯಾದರೆ ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ನಿಯಮ ಕುರುಡು ನಂಬಿಕೆಯದ್ದಲ್ಲ. ಕಂಡದ್ದನ್ನು ಕಂಡಂತೆ ತೀರ್ಮಾನಿಸುತ್ತದೆ, ಕಾಣದ ಕಡೆ ಮಾತ್ರ ನಂಬುತ್ತದೆ. ಆದ್ದರಿಂದಲೇ ಫ್ಯಾಂಟಮ್ ಟಚ್‌ನಿಂದ ನಷ್ಟ ಆಗುವುದು ಅಂಕ ಕಳೆದುಕೊಂಡವಳಿಗಷ್ಟೇ ಅಲ್ಲ. ಮುಂದಿನ ವಾರ ನಿಜವಾಗಿಯೂ ಮೆಲ್ಲಗೆ ಮುಟ್ಟಿ ‘ಟಚ್’ ಎನ್ನುವ ಒಬ್ಬ ಬಡಪಾಯಿ ಇರುತ್ತಾನೆ. ಅವನನ್ನು ನೋಡಿ ಎದುರಾಳಿಗಳು ಹಲ್ಲು ಕಡಿಯುತ್ತಾರೆ. ಅವನ ಮಾತಿನ ಬೆಲೆಯನ್ನು ಹಿಂದಿನ ವಾರವೇ ಇನ್ನೊಬ್ಬ ತಿಂದು ತೇಗಿರುತ್ತಾನೆ.

ಆಟದಲ್ಲಿ ಪ್ರಾಮಾಣಿಕತೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. 1980ರ ಫೆಬ್ರವರಿಯಲ್ಲಿ ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಅವರು ಭಾರತದ ನಾಯಕ. ಇಂಗ್ಲೆಂಡಿನ ಬಾಬ್ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿಯಾಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ವಿಶ್ವನಾಥ್ ಅವರಿಗೆ ಅನ್ನಿಸಿತು. ಟೇಲರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಅವರ ಜೊತೆಗಾರ ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಇಂದಿಗೂ ಆ ಪಂದ್ಯದ ಮಾತು ಬಂದಾಗ ನಾವು ಹೆಮ್ಮೆಯಿಂದ ಹೇಳುವುದು ಆ ಸೋಲನ್ನೇ.

ಆದರೆ ಅದು ದೊಡ್ಡವರ ದೊಡ್ಡತನ. ಕ್ರಿಕೆಟ್ಟಿನ ಯಾವ ನಿಯಮವೂ ವಿಶ್ವನಾಥ್ ಅವರನ್ನು ಹಾಗೆ ಮಾಡು ಎಂದು ಒತ್ತಾಯಿಸಿರಲಿಲ್ಲ. ಅವರು ಸುಮ್ಮನಿದ್ದಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಟಚ್ ಆಟ ಅಂಥ ದೊಡ್ಡತನಕ್ಕಾಗಿ ಕಾಯುವುದಿಲ್ಲ. ಲೆಕ್ಕಪತ್ರ ಬರೆಯುವವನಿಂದ, ನಲ್ಲಿ ರಿಪೇರಿ ಮಾಡುವವನಿಂದ, ಶಾಲೆಯ ಮೇಷ್ಟ್ರಿಂದ ಒಂದು ಸಂಜೆಗೆ ಹತ್ತಾರು ಸಲ ಪುಟ್ಟ ಪುಟ್ಟ ನಿಜ ಕೇಳುತ್ತದೆ. ಚಪ್ಪಾಳೆಯಿಲ್ಲ, ಪತ್ರಿಕೆಯಲ್ಲಿ ಹೆಸರಿಲ್ಲ. ಟಚ್ ಆದವನು ಓಟದ ರಭಸದಲ್ಲಿ ಎರಡು ಹೆಜ್ಜೆ ಮುಂದೆ ಹೋಗಿರುತ್ತಾನೆ. ನಿಯಮದ ಪ್ರಕಾರ ಮುಟ್ಟಿಸಿಕೊಂಡ ಜಾಗಕ್ಕೇ ಹಿಂದಿರುಗಿ, ಅಲ್ಲಿಂದಲೇ ಚೆಂಡನ್ನು ಕಾಲುಗಳ ನಡುವೆ ಹಿಂದಕ್ಕೆ ಉರುಳಿಸಬೇಕು. ಆ ಎರಡು ಹೆಜ್ಜೆ ಹಿಂದಿಡುವುದು ಎಷ್ಟು ಚಿಕ್ಕ ಕೆಲಸ! ಆದರೆ ಮೈದಾನದಲ್ಲಿ ಹೆಚ್ಚಾಗಿ ಕದಿಯುವುದು ಅಂಥ ಎರಡು ಹೆಜ್ಜೆಗಳನ್ನೇ. ಮಹಾ ಮೋಸಗಾರರು ಎಲ್ಲೋ ಒಬ್ಬಿಬ್ಬರು. ಎರಡು ಹೆಜ್ಜೆಯವರು ನಾವೆಲ್ಲರೂ.

ಮೈದಾನದ ಹೊರಗೂ ಕಥೆ ಬೇರೆಯಲ್ಲ. ಬೆಂಗಳೂರಿನಲ್ಲಿ 2000ದಲ್ಲಿ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಪದ್ಧತಿ ಬಂದಿತು. ನಿಮ್ಮ ಮನೆಯ ಅಳತೆಯನ್ನು ನೀವೇ ಬರೆಯಿರಿ, ತೆರಿಗೆಯನ್ನೂ ನೀವೇ ಲೆಕ್ಕ ಹಾಕಿ ಕಟ್ಟಿ ಎನ್ನುವ ಏರ್ಪಾಡು. ಅಲ್ಲೂ ಕಾಣದ ಕಡೆ ಮಾತನ್ನು ನಂಬಲಾಗಿದೆ. ಮಹಡಿಯ ಮೇಲಿನ ಎರಡು ಕೋಣೆ ಬಿಟ್ಟು ಬರೆದವನಿಗೆ ನಾಲ್ಕು ಕಾಸು ಉಳಿಯಬಹುದು. ಆದರೆ ಹಾಗೆ ಬರೆಯುವವರು ಹೆಚ್ಚಾದರೆ ಟೇಪು ಹಿಡಿದವರು ಬಂದೇ ಬರುತ್ತಾರೆ, ಸರಿಯಾಗಿ ಬರೆದವನ ಬಾಗಿಲನ್ನೂ ತಟ್ಟುತ್ತಾರೆ. ಕಾನೂನಿನ ಕೈ ಗಟ್ಟಿಯಾಯಿತು ಎಂದು ದೂರುವಾಗ, ಅದು ಮೆತ್ತಗಿದ್ದ ದಿನಗಳಲ್ಲಿ ನಾವು ಏನು ಬರೆದುಕೊಟ್ಟಿದ್ದೆವು ಎಂದೂ ಕೇಳಿಕೊಳ್ಳುವುದು ಒಳ್ಳೆಯದು.

ಸಾಕ್ಷಿ ಕೇಳದೆ, ಪತ್ರ ತೋರಿಸು ಎನ್ನದೆ, ಯಾರಾದರೂ ನಮ್ಮ ಮಾತನ್ನು ಹಾಗೆಯೇ ಒಪ್ಪಿಕೊಂಡರೆ ಅದು ನಮ್ಮ ಜಾಣತನದ ಗೆಲುವಲ್ಲ. ನಮಗಿಂತ ಮೊದಲು ಅದೇ ಜಾಗದಲ್ಲಿ ನಿಂತು ನಿಜ ಹೇಳಿದವರು ಗಳಿಸಿಟ್ಟುಹೋದದ್ದು. ನಮ್ಮ ನಂತರವೂ ಅಲ್ಲಿ ಜನ ನಿಲ್ಲಬೇಕು. ಅವರಿಗಿಷ್ಟು ಉಳಿಸಿ ಹೋಗೋಣ.